ಕಾದಂಬರಿಯ ‘ನಾನು’ ಯಾರು?

ಪ್ರವೇಶ

ಕಥೆ, ಕಾದಂಬರಿಗಳನ್ನು ಓದುವಾಗ ಅವುಗಳಲ್ಲಿ ಬರುವ ಮಾತುಗಳೆಲ್ಲ ಬರೆದವರ ಸ್ವಂತ ಅಭಿಪ್ರಾಯಗಳೇ ಎಂದು ಭಾವಿಸುವುದು ಸಹಜ. ಆದರೆ ಕಥೆಯನ್ನು ಬರೆದವನು ಬೇರೆ. ಕಥೆಯೊಳಗೆ ನಿಂತು ಅದನ್ನು ಹೇಳುವವನು ಬೇರೆ. ಇವರಿಬ್ಬರ ಸಂಬಂಧವೆಂಥದು ಎಂಬುದನ್ನು ಅಮೆರಿಕದ ಲೇಖಕ ಮಾರ್ಕ್ ಟ್ವೇನನ ಪ್ರಸಿದ್ಧ ಕಾದಂಬರಿಯೊಂದರ ಮೂಲಕ ಈ ಪಾಠದಲ್ಲಿ ವಿವರಿಸಲಾಗಿದೆ.

ಪಾಠ

ನಮ್ಮ ಕರಾವಳಿಯ ಮತ್ತು ಮಲೆನಾಡಿನ ಊರುಗಳಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ನಡೆಯುವುದುಂಟು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ತಮ್ಮ ತಮ್ಮ ಪಾತ್ರದ ಪರವಾಗಿ ವಾದಿಸುತ್ತಾರೆ. ವಾಲಿಯ ಅರ್ಥ ಹೇಳುವವರು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನಿಷ್ಠುರವಾಗಿ ಪ್ರಶ್ನಿಸುತ್ತಾರೆ. ಮುಂದಿನ ವಾರ ಇನ್ನೊಂದು ಊರಿನಲ್ಲಿ ಅದೇ ಕಲಾವಿದರು ರಾಮನ ಸ್ಥಾನದಲ್ಲಿ ಕುಳಿತು, ತಾವೇ ಹಿಂದೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಬಹುದು. ಕೇಳುಗರಲ್ಲಿ ಒಬ್ಬರಾದರೂ ‘ಹೋದ ವಾರ ರಾಮನನ್ನು ಜರೆದವರು ಈ ವಾರ ಅವನನ್ನೇ ಸಮರ್ಥಿಸುತ್ತಿದ್ದಾರೆ, ಇವರ ಮಾತಿಗೆ ನೆಲೆಯೇ ಇಲ್ಲ’ ಎಂದು ಆಕ್ಷೇಪಿಸುವುದಿಲ್ಲ. ಮಾತು ಪಾತ್ರದ್ದು, ಪ್ರತಿಭೆ ಕಲಾವಿದರದು ಎಂಬ ವಿವೇಕ ಅಕ್ಷರ ಕಲಿಯದ ಹಳ್ಳಿಗರಿಗೂ ಇರುತ್ತದೆ.

ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಈ ವಿವೇಕ ಎಷ್ಟೋ ವೇಳೆ ನಮ್ಮನ್ನು ಬಿಟ್ಟುಹೋಗುತ್ತದೆ. ಇದಕ್ಕೆ ಕಾರಣವೂ ಇದೆ. ತಾಳಮದ್ದಳೆಯಲ್ಲಿ ಮಾತನಾಡುವವರು ನಮ್ಮ ಕಣ್ಣೆದುರಿಗೇ ಇರುತ್ತಾರೆ. ಅವರು ವಾಲಿಯಲ್ಲವೆಂಬುದನ್ನು ಯಾರೂ ನಮಗೆ ತಿಳಿಸಿ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಹಾಗಲ್ಲ. ಹೊದಿಕೆಯ ಮೇಲೆ ಲೇಖಕರ ಹೆಸರಿರುತ್ತದೆ. ಪುಟ ತಿರುವಿದೊಡನೆಯೇ ‘ನಾನು’ ಎನ್ನುವ ದನಿಯೊಂದು ಮಾತನಾಡತೊಡಗುತ್ತದೆ. ಆ ಹೆಸರೂ ಈ ದನಿಯೂ ಒಂದೇ ಎಂದು ನಾವು ಅರಿವಿಲ್ಲದೆಯೇ ಕೂಡಿಸಿಬಿಡುತ್ತೇವೆ. ಆ ‘ನಾನು’ ಒಳ್ಳೆಯ ಮಾತನ್ನಾಡಿದರೆ ಲೇಖಕರನ್ನು ಹೊಗಳುತ್ತೇವೆ. ಕೆಟ್ಟ ಮಾತನ್ನಾಡಿದರೆ ಲೇಖಕರ ಮೇಲೆ ಮುನಿಯುತ್ತೇವೆ.

ಆದುದರಿಂದ ಎರಡು ಪದಗಳನ್ನು ಮೊದಲೇ ಬೇರ್ಪಡಿಸಿ ತಿಳಿದುಕೊಳ್ಳಬೇಕು. ಕಾದಂಬರಿಯನ್ನು ಬರೆದ ವ್ಯಕ್ತಿ ಲೇಖಕ. ಕಾದಂಬರಿಯೊಳಗಿದ್ದು ಕಥೆಯನ್ನು ಹೇಳುವವನು ನಿರೂಪಕ. ಲೇಖಕನಿಗೆ ಹುಟ್ಟೂರು, ಮನೆ, ಉದ್ಯೋಗ, ಆಯುಷ್ಯ ಎಲ್ಲವೂ ಉಂಟು. ನಿರೂಪಕನಿಗಾದರೋ ಲೇಖಕನು ಕೊಟ್ಟಷ್ಟೇ ಬದುಕು, ಕೊಟ್ಟಷ್ಟೇ ತಿಳಿವಳಿಕೆ. ಕಥೆಯ ಇತರ ಪಾತ್ರಗಳಂತೆ ಅವನೂ ಲೇಖಕನ ಸೃಷ್ಟಿಯೇ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ರಂಗನ ಮದುವೆ’ ಎಂಬ ಸಣ್ಣಕಥೆಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅದರ ನಿರೂಪಕ ಹೊಸಹಳ್ಳಿಯ ಶ್ಯಾಮ. ತನ್ನ ಹಳ್ಳಿಗೆ ಸಮನಾದ ಊರಿಲ್ಲವೆಂಬಂತೆ ಅವನು ಅದನ್ನು ಹೊಗಳುತ್ತಾನೆ. ಶಾಸ್ತ್ರಿಗಳೊಡನೆ ಮೊದಲೇ ಮಾತನಾಡಿಕೊಂಡು, ಜ್ಯೋತಿಷ್ಯದ ನೆಪದಲ್ಲಿ ರಂಗನ ಮನಸ್ಸನ್ನು ಮದುವೆಯತ್ತ ತಿರುಗಿಸುತ್ತಾನೆ. ಮೈಸೂರು ಸಂಸ್ಥಾನದಲ್ಲಿ ಉನ್ನತ ಅಧಿಕಾರಿಯಾಗಿದ್ದ ಮಾಸ್ತಿಯವರೇ ಈ ಶ್ಯಾಮನೆಂದಾಗಲಿ, ಮದುವೆ ಮಾಡಿಸಲು ಇಂತಹ ಹೂಟವೇ ಸರಿಯೆಂದು ಅವರು ನಂಬಿದ್ದರೆಂದಾಗಲಿ ಯಾರೂ ಹೇಳಲಾರರು. ಇಲ್ಲಿ ತಪ್ಪು ತಿಳಿದರೂ ಆಗುವ ನಷ್ಟ ಅಲ್ಪ. ಶ್ಯಾಮನ ಮಾತಿಗೆ ನಕ್ಕು ನಾವು ಮುಂದೆ ಸಾಗುತ್ತೇವೆ. ಆದರೆ ನಿರೂಪಕನು ನ್ಯಾಯ ಅನ್ಯಾಯಗಳನ್ನು ಕುರಿತು, ಮನುಷ್ಯನ ಬೆಲೆಯನ್ನು ಕುರಿತು ಮಾತನಾಡತೊಡಗಿದರೆ? ಆಗ ತಪ್ಪು ತಿಳಿವಳಿಕೆ ಅಲ್ಪವಾಗಿ ಉಳಿಯುವುದಿಲ್ಲ. ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವೆಂದರೆ ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್‌ನ ಸಾಹಸಗಳು’.

ಮಾರ್ಕ್ ಟ್ವೇನ್ ಎಂಬುದು ಕಾವ್ಯನಾಮ. ಆತನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1835ರಲ್ಲಿ ಅಮೆರಿಕದ ಮಿಸೌರಿ ಪ್ರಾಂತದಲ್ಲಿ ಹುಟ್ಟಿ, ಮಿಸಿಸಿಪ್ಪಿ ಮಹಾನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ ಬೆಳೆದನು. ಯೌವನದಲ್ಲಿ ಆ ನದಿಯ ಉಗಿದೋಣಿಗಳಲ್ಲಿ ಚಾಲಕನಾಗಿ ದುಡಿದನು. ನೀರಿನ ಆಳವನ್ನು ಅಳೆಯುವವರು ಹನ್ನೆರಡು ಅಡಿ ಆಳವಿದೆಯೆಂದು ತಿಳಿಸಲು ‘ಮಾರ್ಕ್ ಟ್ವೇನ್’ ಎಂದು ಕೂಗುತ್ತಿದ್ದರು. ಆ ಕೂಗೇ ಮುಂದೆ ಆತನ ಹೆಸರಾಯಿತು. ಈ ಕಾದಂಬರಿ 1884ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿಯೂ 1885ರಲ್ಲಿ ಅಮೆರಿಕದಲ್ಲಿಯೂ ಪ್ರಕಟವಾಯಿತು.

ಕಥೆ ನಡೆಯುವ ಕಾಲ ಮಾತ್ರ ಅದಕ್ಕೂ ನಾಲ್ಕೈದು ದಶಕಗಳ ಹಿಂದಿನದು. ಆಗ ಅಮೆರಿಕದ ದಕ್ಷಿಣದ ಪ್ರಾಂತಗಳಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಆಫ್ರಿಕದಿಂದ ಹಿಡಿದು ತಂದ ಜನರನ್ನೂ ಅವರ ಸಂತತಿಯನ್ನೂ ಬಿಳಿಯ ಒಡೆಯರು ದನಕರುಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಗಂಡನನ್ನು ಒಂದು ಕಡೆಗೆ, ಹೆಂಡತಿಯನ್ನು ಒಂದು ಕಡೆಗೆ, ಮಕ್ಕಳನ್ನು ಮತ್ತೊಂದು ಕಡೆಗೆ ಮಾರಿಬಿಡುವುದು ಸಾಮಾನ್ಯವಾಗಿತ್ತು. ಓಡಿಹೋದ ಗುಲಾಮನಿಗೆ ನೆರವಾಗುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಅಲ್ಲಿನ ಅನೇಕ ಧರ್ಮೋಪದೇಶಕರ ದೃಷ್ಟಿಯಲ್ಲಿ ಪಾಪ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಅನಂತರವೇ, 1865ರ ಸಂವಿಧಾನ ತಿದ್ದುಪಡಿಯಿಂದ ಈ ಪದ್ಧತಿ ಕೊನೆಗೊಂಡಿತು.

ಕಾದಂಬರಿಯ ನಿರೂಪಕ ಹಕ್. ಹದಿಮೂರು ಹದಿನಾಲ್ಕು ವರ್ಷದ ಬಡ ಹುಡುಗ. ತಾಯಿಯಿಲ್ಲ, ತಂದೆ ಕುಡುಕ, ಕ್ರೂರಿ. ಶಾಲೆಗೆ ಹೋದದ್ದು ಸ್ವಲ್ಪವೇ; ಮಾತನಾಡುವುದು ಹಳ್ಳಿಯ ಒರಟು ಭಾಷೆ. ಕಥೆಯ ಆರಂಭದಲ್ಲಿಯೇ ಒಂದು ಸೋಜಿಗವಿದೆ. ಮಾರ್ಕ್ ಟ್ವೇನ್ ಎಂಬವರು ಹಿಂದೆ ಒಂದು ಪುಸ್ತಕ ಬರೆದಿದ್ದಾರೆಂದೂ ಅದರಲ್ಲಿ ಬಹುಮಟ್ಟಿಗೆ ನಿಜವನ್ನೇ ಹೇಳಿದ್ದಾರೆಂದೂ, ಅಲ್ಲಲ್ಲಿ ಕೊಂಚ ಹಿಗ್ಗಿಸಿಯೂ ಇದ್ದಾರೆಂದೂ ಹಕ್ ಓದುಗರಿಗೆ ತಿಳಿಸುತ್ತಾನೆ! ಸೃಷ್ಟಿಯಾದ ಪಾತ್ರವೇ ತನ್ನನ್ನು ಸೃಷ್ಟಿಸಿದವನನ್ನು ಯಾರೋ ಬೇರೊಬ್ಬರೆಂಬಂತೆ ವಿಮರ್ಶಿಸುತ್ತದೆ. ‘ನಾನು ಹಕ್ ಅಲ್ಲ, ಹಕ್ ನಾನಲ್ಲ’ ಎಂಬುದನ್ನು ಟ್ವೇನನು ಮೊದಲ ಪುಟದಲ್ಲಿಯೇ ಹೀಗೆ ನಗುನಗುತ್ತ ಸೂಚಿಸಿಬಿಟ್ಟಿದ್ದಾನೆ.

ತಂದೆಯ ಹಿಂಸೆಯಿಂದ ತಪ್ಪಿಸಿಕೊಂಡ ಹಕ್, ನದಿಯ ನಡುಗಡ್ಡೆಯೊಂದರಲ್ಲಿ ಜಿಮ್ ಎಂಬ ಗುಲಾಮನನ್ನು ಕಾಣುತ್ತಾನೆ. ಜಿಮ್ ವಾಟ್ಸನ್ ಎಂಬ ಮಹಿಳೆಯ ಆಳು. ಎಂಟುನೂರು ಡಾಲರಿಗೆ ತನ್ನನ್ನು ದೂರದ ಊರಿಗೆ ಮಾರುವ ಮಾತನ್ನು ಮರೆಯಲ್ಲಿ ಕೇಳಿಸಿಕೊಂಡು ಅವನು ಓಡಿಬಂದಿರುತ್ತಾನೆ. ಇಬ್ಬರೂ ಒಂದು ತೆಪ್ಪವನ್ನೇರಿ ನದಿಯ ಪ್ರವಾಹದಲ್ಲಿ ಸಾಗುತ್ತಾರೆ. ರಾತ್ರಿ ಪಯಣ, ಹಗಲು ಅಡಗಿರುವುದು. ದಾರಿಯಲ್ಲಿ ಜಿಮ್ ತನ್ನ ಕನಸನ್ನು ಹೇಳಿಕೊಳ್ಳುತ್ತಾನೆ. ಸ್ವತಂತ್ರನಾದ ಮೇಲೆ ದುಡಿದು ಹಣ ಕೂಡಿಸಿ ಹೆಂಡತಿಯನ್ನು ಬಿಡಿಸಿಕೊಳ್ಳಬೇಕು; ಅನಂತರ ಇಬ್ಬರೂ ದುಡಿದು ಮಕ್ಕಳಿಬ್ಬರನ್ನು ಬಿಡಿಸಿಕೊಳ್ಳಬೇಕು; ಒಡೆಯನು ಮಾರಲೊಪ್ಪದಿದ್ದರೆ ಯಾರಿಂದಲಾದರೂ ಅವರನ್ನು ಕದಿಸಿಯಾದರೂ ತರಬೇಕು. ಇದನ್ನು ಕೇಳಿ ಹಕ್ ದಿಗಿಲುಗೊಳ್ಳುತ್ತಾನೆ. ತನಗೆ ಯಾವ ಕೇಡನ್ನೂ ಮಾಡದ ಒಬ್ಬ ಒಡೆಯನ ಸೊತ್ತನ್ನು ಜಿಮ್ ಕದಿಯಹೊರಟಿದ್ದಾನಲ್ಲ ಎಂದು ಅವನಿಗೆ ದುಃಖವಾಗುತ್ತದೆ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ತಂದೆಯೊಬ್ಬನು ತನ್ನ ಮಕ್ಕಳನ್ನು ತನ್ನ ಬಳಿಗೆ ಕರೆದುಕೊಳ್ಳುವುದನ್ನು ಹಕ್ ಕಳ್ಳತನವೆನ್ನುತ್ತಾನೆ. ಅವನು ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಮನಃಪೂರ್ವಕವಾಗಿ ನಂಬಿ ಹೇಳುತ್ತಾನೆ. ಆದರೆ ಆ ಮಾತುಗಳನ್ನು ಅಕ್ಕಪಕ್ಕದಲ್ಲಿರಿಸಿದವನು ಲೇಖಕ. ‘ಮಕ್ಕಳು’ ಎಂಬ ಮಾತಿನ ಪಕ್ಕದಲ್ಲಿ ‘ಪರರ ಸೊತ್ತು’ ಎಂಬ ಮಾತನ್ನಿಟ್ಟಾಗ, ಆ ಕಾನೂನಿನ ಅನ್ಯಾಯ ತಾನಾಗಿಯೇ ಬಯಲಾಗುತ್ತದೆ. ಹಕ್‌ಗೆ ಅದು ಕಾಣುವುದಿಲ್ಲ; ಓದುಗರಿಗೆ ಕಾಣುತ್ತದೆ. ನಿರೂಪಕನ ತಲೆಯ ಮೇಲಿನಿಂದ ಲೇಖಕನು ಓದುಗರನ್ನು ನೋಡಿ ಸನ್ನೆ ಮಾಡುವ ರೀತಿ ಇದು.

ತಪ್ಪು ಮಾಡುತ್ತಿದ್ದೇನೆಂಬ ಅಳುಕಿನಿಂದ ಹಕ್ ಜಿಮ್‌ನನ್ನು ಹಿಡಿದುಕೊಡಲು ಹೊರಡುತ್ತಾನೆ. ಓಡಿಹೋದ ಗುಲಾಮರನ್ನು ಹುಡುಕುತ್ತ ಬಂದೂಕು ಹಿಡಿದು ಬಂದ ಇಬ್ಬರು ಎದುರಾಗುತ್ತಾರೆ. ತೆಪ್ಪದ ಮೇಲಿರುವವನು ಬಿಳಿಯನೋ ಕರಿಯನೋ ಎಂದು ಕೇಳುತ್ತಾರೆ. ಹಕ್‌ನ ನಾಲಗೆ ತಡವರಿಸುತ್ತದೆ, ‘ಬಿಳಿಯ’ ಎಂದುಬಿಡುತ್ತಾನೆ. ಅಲ್ಲಿ ಸಿಡುಬು ತಗಲಿದವರಿದ್ದಾರೆಂಬ ಸಂಶಯ ಬರುವಂತೆ ಮಾತನಾಡಿ ಅವರನ್ನು ದೂರ ಸರಿಸುತ್ತಾನೆ. ಆ ಬಳಿಕ, ಸರಿಯಾದುದನ್ನು ಮಾಡುವ ಧೈರ್ಯ ತನಗಿಲ್ಲವಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ.

ಕಥೆಯ ಶಿಖರ ಇನ್ನೂ ಮುಂದಿದೆ. ಇಬ್ಬರು ವಂಚಕರು ಜಿಮ್‌ನನ್ನು ನಲವತ್ತು ಡಾಲರಿಗೆ ಮಾರಿಬಿಡುತ್ತಾರೆ. ಇದು ತನ್ನ ಪಾಪಕ್ಕೆ ದೇವರು ಕೊಟ್ಟ ಎಚ್ಚರಿಕೆಯೆಂದು ಹಕ್ ಭಾವಿಸುತ್ತಾನೆ. ಪ್ರಾರ್ಥಿಸಲು ಮೊಣಕಾಲೂರುತ್ತಾನೆ, ಮಾತು ಬಾಯಿಗೆ ಬರುವುದಿಲ್ಲ. ಆಗ, ಜಿಮ್ ಎಲ್ಲಿದ್ದಾನೆಂಬುದನ್ನು ತಿಳಿಸಿ ಅವನ ಒಡತಿಗೆ ಕಾಗದ ಬರೆಯುತ್ತಾನೆ. ಬರೆದೊಡನೆ ಪಾಪವೆಲ್ಲ ತೊಳೆದುಹೋದಂತೆ ಮನಸ್ಸು ಹಗುರವಾಗುತ್ತದೆ. ಆದರೆ ಕಾಗದವನ್ನು ಕಳುಹಿಸುವ ಮುನ್ನ ನೆನಪುಗಳು ಬರುತ್ತವೆ: ತನ್ನ ಪಾಳಿಯ ಕಾವಲನ್ನೂ ತಾನೇ ಕಾದು ಹುಡುಗನಿಗೆ ನಿದ್ರೆ ಮಾಡಗೊಟ್ಟ ಜಿಮ್, ಮಂಜಿನಲ್ಲಿ ಅಗಲಿ ಮತ್ತೆ ಕಂಡಾಗ ಹಿಗ್ಗಿದ ಜಿಮ್, ನಿನ್ನಂತಹ ಗೆಳೆಯ ಬೇರಿಲ್ಲವೆಂದ ಜಿಮ್. ಹಕ್ ಕಾಗದವನ್ನು ಕೈಯಲ್ಲಿ ಹಿಡಿದು ನಡುಗುತ್ತಾನೆ. ಕೊನೆಗೆ, ನರಕಕ್ಕೆ ಹೋಗುವುದಾದರೆ ಹೋಗುತ್ತೇನೆಂದು ನಿಶ್ಚಯಿಸಿ ಅದನ್ನು ಹರಿದುಹಾಕುತ್ತಾನೆ.

ಹಕ್ ಇಲ್ಲಿ ತನ್ನ ಸಮಾಜದ ನಂಬಿಕೆಯನ್ನು ಪ್ರಶ್ನಿಸುವುದಿಲ್ಲ. ಗುಲಾಮಗಿರಿ ತಪ್ಪೆಂದು ಅವನು ಒಮ್ಮೆಯೂ ಹೇಳುವುದಿಲ್ಲ. ಗುಲಾಮನಿಗೆ ನೆರವಾಗುವುದು ಪಾಪ, ಅದಕ್ಕೆ ನರಕವೇ ಗತಿ ಎಂದು ಕೊನೆಯವರೆಗೂ ನಂಬಿರುತ್ತಾನೆ, ಆದರೂ ನೆರವಾಗುತ್ತಾನೆ. ನಿರೂಪಕನ ಮಾತೇ ಲೇಖಕನ ಮತವೆಂದು ಹಿಡಿದರೆ, ಗುಲಾಮಗಿರಿ ದೈವಸಮ್ಮತವೆಂದು ಈ ಪುಸ್ತಕ ಸಾರುತ್ತದೆ ಎನ್ನಬೇಕಾದೀತು. ಆದರೆ ಆ ಪುಟಗಳನ್ನು ಓದಿದ ಯಾರಿಗೂ ಹಾಗೆನ್ನಿಸುವುದಿಲ್ಲ. ಕಾಗದ ಹರಿದ ಹುಡುಗನನ್ನು ಅಪ್ಪಿಕೊಳ್ಳಬೇಕೆನಿಸುತ್ತದೆ. ಹಕ್‌ನ ಬಾಯಿ ಒಂದನ್ನು ಹೇಳುತ್ತದೆ, ಅವನ ಕೈ ಇನ್ನೊಂದನ್ನು ಮಾಡುತ್ತದೆ. ಲೇಖಕನ ನಂಬಿಕೆ ಇರುವುದು ಬಾಯಿಯ ಮಾತಿನಲ್ಲಲ್ಲ, ಕೈಯ ಕೆಲಸದಲ್ಲಿ.

ಹಾಗಾದರೆ ಹಕ್‌ಗೂ ಟ್ವೇನನಿಗೂ ಸಂಬಂಧವೇ ಇಲ್ಲವೆ? ಇದೆ, ಅದು ನಾವು ಮೊದಲು ಊಹಿಸುವುದಕ್ಕಿಂತ ಆಳವಾದುದು. ಟ್ವೇನನ ತಂದೆಯ ಮನೆಯಲ್ಲಿಯೂ ಗುಲಾಮರಿದ್ದರು. ತನ್ನ ಶಾಲಾದಿನಗಳಲ್ಲಿ ಗುಲಾಮಗಿರಿಯಲ್ಲಿ ಏನಾದರೂ ತಪ್ಪಿದೆಯೆಂದೇ ತನಗೆ ಹೊಳೆದಿರಲಿಲ್ಲ, ಅದನ್ನು ತಪ್ಪೆಂದು ಹೇಳುವವರು ಊರಿನಲ್ಲಿ ಇರಲಿಲ್ಲ ಎಂದು ಆತನು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಎಂದರೆ, ಹಕ್ ಹೇಳುವ ನಂಬಿಕೆ ಒಂದು ಕಾಲದಲ್ಲಿ ಬಾಲಕ ಸ್ಯಾಮ್ಯುಯೆಲ್‌ನದೂ ಆಗಿತ್ತು. ಪ್ರೌಢನಾದ ಟ್ವೇನನು ಅದನ್ನು ಹಿಂದೆ ಬಿಟ್ಟು ಬಹುದೂರ ಬಂದಿದ್ದನು. ಹಾಗೆ ಬಂದವನು ತನ್ನ ಹಳೆಯ ನಂಬಿಕೆಯನ್ನು ಒಬ್ಬ ಹುಡುಗನ ಬಾಯಲ್ಲಿಟ್ಟು, ಅದನ್ನು ಎಲ್ಲರೆದುರಿಗೆ ಪರೀಕ್ಷೆಗೊಡ್ಡಿದನು. ನಿರೂಪಕನು ಲೇಖಕನ ಇಂದಿನ ನಂಬಿಕೆಯನ್ನಲ್ಲದೆ, ಲೇಖಕನು ತೊರೆದುಬಂದ ನಂಬಿಕೆಯನ್ನೂ ಆಡಬಲ್ಲನು.

ಟ್ವೇನನ ಸ್ವಂತ ನಿಲುವು ಏನೆಂಬುದಕ್ಕೆ ಕಾದಂಬರಿಯ ಹೊರಗೂ ಸಾಕ್ಷ್ಯವಿದೆ. ಕಾದಂಬರಿ ಅಮೆರಿಕದಲ್ಲಿ ಪ್ರಕಟವಾದ 1885ರಲ್ಲಿಯೇ ಆತನು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದುತ್ತಿದ್ದ ವಾರ್ನರ್ ಮೆಗ್ವಿನ್ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿಯ ಖರ್ಚನ್ನು ವಹಿಸಿಕೊಂಡನು. ಆ ಜನರನ್ನು ಕುಗ್ಗಿಸಿದ ನಾಚಿಕೆ ಬಿಳಿಯರದು, ಆ ಋಣವನ್ನು ತೀರಿಸಬೇಕಾದವರೂ ಬಿಳಿಯರೇ ಎಂಬ ಭಾವದ ಪತ್ರವನ್ನು ಬರೆದನು. ಹುಡುಗನೊಬ್ಬನ ನಿರ್ಮಲ ಹೃದಯವು ಸಮಾಜ ಕೆಡಿಸಿದ ಅಂತಃಸಾಕ್ಷಿಯೊಡನೆ ಹೋರಾಡಿ ಗೆಲ್ಲುವುದೇ ತನ್ನ ಕಾದಂಬರಿಯ ತಿರುಳೆಂದು 1895ರ ಟಿಪ್ಪಣಿಯೊಂದರಲ್ಲಿ ಸೂಚಿಸಿದನು.

ಮರುವರ್ಷ, 1896ರ ಜನವರಿಯಲ್ಲಿ, ಉಪನ್ಯಾಸ ಪ್ರವಾಸದ ನಿಮಿತ್ತ ಟ್ವೇನನು ನಮ್ಮ ದೇಶಕ್ಕೆ ಬಂದನು. ಮುಂಬಯಿಯ ಹೋಟೆಲಿನಲ್ಲಿ ಆಳೊಬ್ಬನು ಬಾಗಿಲನ್ನು ಸರಿಪಡಿಸುತ್ತಿದ್ದಾಗ, ಅಲ್ಲಿದ್ದ ಯುರೋಪಿಯನನೊಬ್ಬನು ತಪ್ಪೇನೆಂದು ಹೇಳುವ ಮುನ್ನವೇ ಅವನ ದವಡೆಗೆ ಹೊಡೆದನು. ಆಳು ಎದುರಾಡದೆ ಸಹಿಸಿಕೊಂಡನು. ಆ ನೋಟ ಟ್ವೇನನನ್ನು ಐವತ್ತು ವರ್ಷ ಹಿಂದಕ್ಕೆ, ಬಾಲ್ಯದ ಊರಿಗೆ ಒಯ್ದಿತು. ಸಣ್ಣ ತಪ್ಪಿಗಾಗಿ ಒಡೆಯನೊಬ್ಬನು ಗುಲಾಮನ ಮೇಲೆ ಕಬ್ಬಿಣದ ಅದಿರಿನ ತುಂಡನ್ನೆಸೆದು ಕೊಂದದ್ದನ್ನು ಆತನು ಹುಡುಗನಾಗಿದ್ದಾಗ ಕಂಡಿದ್ದನು. ಈ ಎರಡು ಘಟನೆಗಳನ್ನೂ 1897ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಒಟ್ಟಿಗೆ ಬರೆದಿದ್ದಾನೆ. ಇಲ್ಲಿಯ ‘ನಾನು’ ಹಕ್ ಅಲ್ಲ, ಸ್ವತಃ ಟ್ವೇನನೇ.

ಲೇಖಕ ನಿರೂಪಕರನ್ನು ಬೆರೆಸಿ ಓದಿದುದರ ಫಲವನ್ನು ಈ ಪುಸ್ತಕ ಹುಟ್ಟಿದ ವರ್ಷವೇ ಅನುಭವಿಸಿತು. 1885ರಲ್ಲಿ ಕಾಂಕರ್ಡ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯದ ಸಮಿತಿ, ಇದು ಒರಟು, ಅಸಂಸ್ಕೃತ ಎಂದು ಪುಸ್ತಕವನ್ನು ಹೊರಗಿಟ್ಟಿತು. ಒರಟುತನ ಹಕ್‌ನದು, ಶಿಕ್ಷೆ ಪುಸ್ತಕಕ್ಕೆ. ಇದರಿಂದ ಇನ್ನೂ ಇಪ್ಪತ್ತೈದು ಸಾವಿರ ಪ್ರತಿಗಳು ಮಾರಾಟವಾಗುವುವೆಂದು ಟ್ವೇನನು ನಗೆಯಾಡಿದನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎದ್ದ ಆಕ್ಷೇಪ ಬೇರೆ ಬಗೆಯದು. ಹಕ್ ಮತ್ತು ಇತರ ಪಾತ್ರಗಳು ಕಪ್ಪು ಜನರನ್ನು ಕುರಿತು ಒಂದು ಹೀನ ಪದವನ್ನು ಇನ್ನೂರಕ್ಕೂ ಹೆಚ್ಚು ಸಲ ಬಳಸುತ್ತಾರೆ. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ ಆ ಜನಾಂಗದ ಮಕ್ಕಳಿಗೆ ನೋವಾಗುತ್ತದೆಂದು ಹಲವು ಪೋಷಕರು ದೂರಿದರು. ಈ ದೂರನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಮಾತು ನಿರೂಪಕನದೇ ಆದರೂ, ಆ ನಿರೂಪಕನನ್ನು ಆರಿಸಿಕೊಂಡವನು ಲೇಖಕ; ಆಯ್ಕೆಯ ಹೊಣೆ ಅವನದೇ. ‘ಅದು ನನ್ನ ಪಾತ್ರದ ಮಾತು’ ಎಂದಷ್ಟರಿಂದಲೇ ಲೇಖಕನು ಎಲ್ಲ ಹೊಣೆಯಿಂದ ಪಾರಾಗಲಾರನು.

ನಿರೂಪಕನು ಬದಲಾದರೆ ಕಥೆಯೇ ಬೇರೆಯಾಗುತ್ತದೆಂಬುದಕ್ಕೂ ಇದೇ ಕಥೆ ನಿದರ್ಶನ. 2024ರಲ್ಲಿ ಪರ್ಸಿವಲ್ ಎವರೆಟ್ ಎಂಬ ಆಫ್ರಿಕನ್ ಅಮೆರಿಕನ್ ಲೇಖಕರು ‘ಜೇಮ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದೇ ನದಿ, ಅದೇ ತೆಪ್ಪ; ಆದರೆ ಕಥೆ ಹೇಳುವವನು ಜಿಮ್. ಹಕ್‌ನ ಕಣ್ಣಿಗೆ ಓದುಬರಹವಿಲ್ಲದವನಂತೆ ಕಂಡ ಆ ಮನುಷ್ಯ ಇಲ್ಲಿ ಓದಬಲ್ಲವನು, ಬರೆಯಬಲ್ಲವನು. ಬಿಳಿಯರೆದುರು ಬೇಕೆಂದೇ ಒರಟು ಭಾಷೆಯನ್ನಾಡುವವನು. ಈ ಕೃತಿಗೆ 2025ರ ಪುಲಿಟ್ಜರ್ ಬಹುಮಾನ ಬಂದಿತು. ಒಬ್ಬ ನಿರೂಪಕನು ಕಾಣದುದನ್ನು ಮತ್ತೊಬ್ಬನು ಕಾಣಬಲ್ಲನು.

ಹಾಗೆಂದು ನಿರೂಪಕನು ಯಾವಾಗಲೂ ಲೇಖಕನಿಗೆ ವಿರುದ್ಧವಾಗಿಯೇ ಇರುತ್ತಾನೆಂದು ತಿಳಿಯಬಾರದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಗಿ, ಮುಂದೆ ಅವರಿಗೆ 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ಕಾದಂಬರಿ. ಕಥೆಯನ್ನು ಹೇಳುವವನು ಮೊಮ್ಮಗ ಸುಬ್ಬರಾಯ. ದೇವರು, ಧರ್ಮ, ಸಂಸಾರಗಳನ್ನು ಕುರಿತು ನಿರ್ಭೀತಿಯಿಂದ ಮಾತನಾಡುವವರು ಬಾಲ್ಯದಲ್ಲಿಯೇ ವಿಧವೆಯಾದ ಅಜ್ಜಿ. ಅಜ್ಜಿಯ ಎಷ್ಟೋ ಮಾತುಗಳು ಕಾರಂತರ ವಿಚಾರಗಳಿಗೆ ಸಮೀಪವಾಗಿವೆಯೆಂದು, ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದಿದವರಿಗೆ ತೋರದಿರದು. ಆದರೂ ಅಜ್ಜಿಯೇ ಕಾರಂತರಲ್ಲ. ಹಳೆಯ ವಸ್ತುವೊಂದನ್ನು ಮುಟ್ಟಿದೊಡನೆ ಎಂದೋ ಕಳೆದುಹೋದ ಕಾಲವನ್ನು ಕಾಣುವ ಶಕ್ತಿ ಆಕೆಗಿದೆ. ಅಂತಹ ಶಕ್ತಿಯುಂಟೆಂದು ಕಾರಂತರು ನಂಬಿದ್ದರೆಂದು ಇದರಿಂದ ಸಾಧಿಸಲಾಗದು; ಕಥೆಗೆ ಅದು ಬೇಕಾಗಿತ್ತು, ಅವರು ಅದನ್ನು ಕೊಟ್ಟರು.

ಹಾಗಾದರೆ ಲೇಖಕನ ನಂಬಿಕೆಯನ್ನು ತಿಳಿಯುವ ಬಗೆಯಾವುದು? ಮೊದಲನೆಯದಾಗಿ, ನಿರೂಪಕನ ಮಾತನ್ನು ಕಥೆಯ ಘಟನೆಗಳೊಡನೆ ಹೋಲಿಸಬೇಕು. ನಡೆಯುವುದು ಆ ಮಾತನ್ನು ಎತ್ತಿಹಿಡಿಯುತ್ತದೆಯೋ, ಅಲ್ಲ, ಅದನ್ನು ನಾಚಿಸುತ್ತದೆಯೋ? ಎರಡನೆಯದಾಗಿ, ನಿರೂಪಕನ ವಯಸ್ಸು, ತಿಳಿವಳಿಕೆ, ಲಾಭನಷ್ಟಗಳನ್ನು ಗಮನಿಸಬೇಕು. ಅವನಿಗೆ ಕಾಣದ ಏನಾದರೂ ನಮಗೆ ಕಾಣುತ್ತಿದೆಯೆ? ಮೂರನೆಯದಾಗಿ, ಲೇಖಕನು ತನ್ನ ಹೆಸರಿನಲ್ಲಿಯೇ ಬರೆದ ಪತ್ರ, ಪ್ರಬಂಧ, ಆತ್ಮಕಥೆಗಳಿದ್ದರೆ ಅವುಗಳನ್ನು ನೋಡಬೇಕು. ಇಷ್ಟಾದರೂ ಕೆಲವು ಕಾದಂಬರಿಗಳಲ್ಲಿ ತೀರ್ಪು ಸಿಗುವುದಿಲ್ಲ. ಆಗ ಒಂದು ವಾಕ್ಯವನ್ನು ಕಿತ್ತು ಲೇಖಕನ ಕೊರಳಿಗೆ ಕಟ್ಟುವುದಕ್ಕಿಂತ, ಸುಮ್ಮನಿರುವುದೇ ನ್ಯಾಯ.

ಈ ಎಚ್ಚರ ಬೇಕಾಗಿರುವುದು ಲೇಖಕರಿಗೆ ನ್ಯಾಯ ದೊರೆಯಲೆಂದು ಮಾತ್ರವಲ್ಲ. ಹಕ್ ತನ್ನೊಳಗೆ ಕೇಳಿಸಿದ ದನಿಯನ್ನು ತನ್ನ ಅಂತಃಸಾಕ್ಷಿಯೆಂದೇ ನಂಬಿದ್ದನು. ವಾಸ್ತವವಾಗಿ ಅದು ಅವನ ಊರಿನ ದನಿ, ಗುಲಾಮರನ್ನು ಕೊಂಡು ಮಾರಿದವರ ದನಿ. ನಮ್ಮೊಳಗೂ ‘ಇವರು ನಮಗಿಂತ ಕೀಳು, ಅವರನ್ನು ಮುಟ್ಟಬಾರದು, ಅವರೊಡನೆ ಕುಳಿತು ಉಣ್ಣಬಾರದು’ ಎನ್ನುವ ದನಿಗಳು ‘ನಾನು’ ಎಂಬ ಹೆಸರಿನಲ್ಲಿ ಮಾತನಾಡಿಯಾವು. ಪುಸ್ತಕದಲ್ಲಿ ಮಾತನಾಡುವ ‘ನಾನು’ ಯಾರೆಂದು ಕೇಳಲು ಕಲಿತವರು, ತಮ್ಮೊಳಗೆ ಮಾತನಾಡುವ ‘ನಾನು’ ಯಾರೆಂದು ಕೇಳಲೂ ಕಲಿಯುತ್ತಾರೆ.

ಅಭ್ಯಾಸ

ಅ) ಪದಗಳ ಅರ್ಥ
ಅರ್ಥಧಾರಿ – ತಾಳಮದ್ದಳೆಯಲ್ಲಿ ಪಾತ್ರದ ಮಾತನ್ನಾಡುವ ಕಲಾವಿದ
ನಿಷ್ಠುರ – ಕಠಿಣ, ದಾಕ್ಷಿಣ್ಯವಿಲ್ಲದ
ಹೂಟ – ಉಪಾಯ, ತಂತ್ರ
ಅಂತಃಸಾಕ್ಷಿ – ಸರಿ ತಪ್ಪುಗಳನ್ನು ತಿಳಿಸುವ ಒಳದನಿ
ಸೊತ್ತು – ಆಸ್ತಿ
ಹಳಿ – ನಿಂದಿಸು

ಆ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ನಿರೂಪಕನೆಂದರೆ ಯಾರು?
2. ‘ಮಾರ್ಕ್ ಟ್ವೇನ್’ ಎಂಬ ಹೆಸರು ಯಾವುದರಿಂದ ಬಂದಿತು?
3. ಜಿಮ್ ಏಕೆ ಓಡಿಬಂದನು?
4. ‘ಜೇಮ್ಸ್’ ಕಾದಂಬರಿಯ ನಿರೂಪಕ ಯಾರು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ತಾಳಮದ್ದಳೆಯ ಕೇಳುಗರಿಗಿರುವ ವಿವೇಕ ಕಾದಂಬರಿಯ ಓದುಗರಿಗೆ ತಪ್ಪಿಹೋಗಲು ಕಾರಣವೇನು?
2. ಜಿಮ್‌ನ ಕನಸನ್ನು ಕೇಳಿ ಹಕ್ ದಿಗಿಲುಗೊಂಡುದೇಕೆ? ಅದರಿಂದ ಓದುಗರಿಗೆ ತಿಳಿಯುವುದೇನು?
3. ಮುಂಬಯಿಯಲ್ಲಿ ಟ್ವೇನನು ಕಂಡ ಘಟನೆ ಯಾವುದು? ಅದು ಅವನಿಗೆ ಏನನ್ನು ನೆನಪಿಗೆ ತಂದಿತು?

ಈ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಹಕ್ ಕಾಗದವನ್ನು ಬರೆದು ಹರಿದ ಪ್ರಸಂಗವನ್ನು ವಿವರಿಸಿ, ಅಲ್ಲಿ ಲೇಖಕನ ನಂಬಿಕೆ ಹೇಗೆ ವ್ಯಕ್ತವಾಗಿದೆಯೆಂದು ತಿಳಿಸಿರಿ.
2. ನಿರೂಪಕನ ಮಾತಿಗೆ ಲೇಖಕನು ಎಷ್ಟರಮಟ್ಟಿಗೆ ಹೊಣೆ? ನಿಮ್ಮ ಅಭಿಪ್ರಾಯವನ್ನು ಸಕಾರಣವಾಗಿ ಬರೆಯಿರಿ.

ಉ) ಸಂದರ್ಭ ಸೂಚಿಸಿ ವಿವರಿಸಿರಿ.
1. “ಮಾತು ಪಾತ್ರದ್ದು, ಪ್ರತಿಭೆ ಕಲಾವಿದರದು.”
2. “ಒರಟುತನ ಹಕ್‌ನದು, ಶಿಕ್ಷೆ ಪುಸ್ತಕಕ್ಕೆ.”

ಊ) ಭಾಷಾಭ್ಯಾಸ
ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಅತ್ಯಂತ, ಉತ್ತರಾರ್ಧ, ಊರಿಲ್ಲ, ಧರ್ಮೋಪದೇಶ.

ಋ) ನೀವು ಓದಿದ ಕಥೆಯೊಂದನ್ನು ಆರಿಸಿಕೊಂಡು, ಅದರ ಬೇರೊಂದು ಪಾತ್ರ ‘ನಾನು’ ಎಂದು ಹೇಳುವಂತೆ ಒಂದು ಪುಟದಷ್ಟು ಬರೆಯಿರಿ.